ಆರನೆಯವರಿಂದ ಅರ್ಧ ಪಾಲು

ಫೆಬ್ರವರಿ 4

ಮಗಳೇ,

ಆಶೀರ್ವಾದ. ನಿನ್ನ ಕಾಗದ ಬಂದು ಐದು ವಾರವಾಯಿತು. ರಾಜಧಾನಿಯಲ್ಲಿ ಶಾಯಿಗೂ ರೇಷನ್ ಬಂದಿದೆಯೇನೋ ಎಂದುಕೊಂಡೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಣ್ಣ ಬಸ್ ಡಿಪೋದಲ್ಲಿ ಎರಡೆರಡು ಪಾಳಿ ಮಾಡುತ್ತಿದ್ದಾನೆ. ಅವನ ನಾಲ್ಕು ಮಕ್ಕಳೂ ಶಾಲೆಗೆ ಹೋಗುತ್ತಿದ್ದಾರೆ, ಇಬ್ಬರು ಓದುತ್ತಲೂ ಇದ್ದಾರೆ. ನಿನ್ನ ತಮ್ಮನಿಂದ ಹದಿನೈದು ದಿನಕ್ಕೊಮ್ಮೆ ಗಡಿಯಿಂದ ಕಾರ್ಡು ಬರುತ್ತದೆ. ಅರ್ಧ ಸಾಲುಗಳ ಮೇಲೆ ಸೈನ್ಯದವರು ಮಸಿ ಬಳಿದಿರುತ್ತಾರೆ, ಉಳಿದರ್ಧದಲ್ಲಿ ಅವನು ಊಟ ಚೆನ್ನಾಗಿದೆ ಎಂದು ಬರೆದಿರುತ್ತಾನೆ. ಅವನ ಹೆಂಡತಿಗೆ ಈಗ ಐದು ತಿಂಗಳು. ಕೆಲಸದಲ್ಲಿ ಸ್ವಲ್ಪ ನಿಧಾನವಾಗಿದ್ದಾಳೆ. ಈ ಕಾಲದ ಹುಡುಗಿಯರಿಗೆ ಒಂದು ಕೊಡ ನೀರೆತ್ತಿದರೆ ಒಂದು ಗಳಿಗೆ ಕೂರಬೇಕು. ನಿನ್ನ ಸೋದರತ್ತೆ ಹಾಸಿಗೆಯಲ್ಲಿದ್ದುಕೊಂಡೇ ನಮ್ಮನ್ನೆಲ್ಲ ಆಳುತ್ತಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಜನವರಿಯಿಂದ ರೇಷನ್ ಅಂಗಡಿಯಲ್ಲಿ ಹೊಸ ನಿಯಮ ಅಂಟಿಸಿದ್ದಾರೆ. ಒಂದು ಒಲೆಗೆ ಒಂದು ಕಾರ್ಡು. ಒಂದು ಒಲೆಯಲ್ಲಿ ಉಣ್ಣುವ ಮೊದಲ ಐದು ಜನಕ್ಕೆ ವಾರಕ್ಕೆ ತಲೆಗೆ ಎರಡು ಕಿಲೋ ಧಾನ್ಯ. ಆರನೆಯವರಿಂದ ಅರ್ಧ ಪಾಲು, ಅಂದರೆ ಒಂದೇ ಕಿಲೋ. ನಾವು ಒಂಬತ್ತು ಜನ. ಹದಿನೆಂಟು ಬರುತ್ತಿದ್ದಲ್ಲಿ ಈಗ ಹದಿನಾಲ್ಕು. ಎದುರುಮನೆ ಹೊಲಿಗೆಯವಳು ಮತ್ತು ಅವಳ ತಂಗಿ ಇಬ್ಬರೇ, ಅವರದು ಒಂದು ಕಾಳೂ ಕಡಿಮೆಯಾಗಿಲ್ಲ. ದೊಡ್ಡ ಸಂಸಾರ ಮಾಡಿದ್ದೇ ತಪ್ಪೇ?

ನಿಯಮ ಮುರಿಯುತ್ತಾರೆಂದು ಒಬ್ಬ ಗುಮಾಸ್ತನನ್ನೂ ಕಳಿಸುತ್ತಾರೆ. ಅವನು ಮನೆಮನೆಗೆ ಬಂದು ಒಲೆ ಎಣಿಸುತ್ತಾನೆ. ಕಾರ್ಡಿಗಾಗಿ ಜನ ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು ಎರಡನೇ ಒಲೆ ತೋರಿಸುತ್ತಾರಲ್ಲ, ಅದಕ್ಕೆ ಬೂದಿಯೊಳಗೆ ಕೈಯಿಟ್ಟು ಬಿಸಿ ಇದೆಯೇ ಎಂದು ನೋಡುತ್ತಾನೆ. ಮಕ್ಕಳು ಅವನಿಗೆ ಬೂದಿರಾಯ ಎಂದು ಹೆಸರಿಟ್ಟಿದ್ದಾರೆ.

ನೀನು ಅದೇ ಆಹಾರ ಕಚೇರಿಯಲ್ಲಿ, ಪಾಲು ನಿಗದಿ ಮಾಡುವ ವಿಭಾಗದಲ್ಲೇ ಕೂತಿದ್ದೀಯಲ್ಲ. ಈ ನಿಯಮ ಯಾವ ಮಹಾನುಭಾವನ ತಲೆಯಿಂದ ಬಂತು ಎಂದು ವಿಚಾರಿಸಿ ಬರೆ. ಜನ್ಮದಲ್ಲಿ ಒಲೆಯ ಮುಖ ನೋಡದ ಗಂಡಸೇ ಇರಬೇಕು.

ಅಮ್ಮ


ಫೆಬ್ರವರಿ 17

ಅಮ್ಮ,

ನಮಸ್ಕಾರ. ಶಾಯಿ ಇದೆ, ಪುರುಸೊತ್ತಿಲ್ಲ. ನಮ್ಮ ವಿಭಾಗದಲ್ಲಿ ಹನ್ನೆರಡು ಜನರ ಕೆಲಸವನ್ನು ಏಳು ಜನ ಮಾಡುತ್ತಿದ್ದೇವೆ. ಹಾಸ್ಟೆಲ್ಲಿಗೆ ಹೋಗುವ ಹೊತ್ತಿಗೆ ಕಣ್ಣಲ್ಲಿ ಅಂಕಿಗಳೇ ಕುಣಿಯುತ್ತವೆ.

ನಿಯಮವನ್ನು ಯಾರೋ ಒಬ್ಬರು ಮಾಡುವುದಿಲ್ಲಮ್ಮ. ಸಮಿತಿ ಇರುತ್ತದೆ, ಹತ್ತು ಜನ ಹತ್ತು ಮಾತಾಡುತ್ತಾರೆ, ಕೊನೆಗೆ ಯಾವುದೋ ಒಂದು ಉಳಿಯುತ್ತದೆ. ಯುದ್ಧದಿಂದಾಗಿ ಹಡಗುಗಳು ಬರುತ್ತಿಲ್ಲ. ಗೋದಾಮಿನಲ್ಲಿ ಇರುವುದನ್ನು ಮುಂದಿನ ಸುಗ್ಗಿಯವರೆಗೆ ಎಳೆಯಬೇಕು. ಎಲ್ಲಿಂದಾದರೂ ಕಡಿಮೆ ಮಾಡಲೇಬೇಕಿತ್ತು.

ಒಂದು ದಾರಿ ಇದೆ, ಕಾನೂನಿನೊಳಗೇ ಇದೆ. ಮನೆ ಭಾಗವಾಗಿದೆ ಎಂದು ನೀನು ಒಂದು ಅರ್ಜಿ ಬರೆದುಕೊಟ್ಟರೆ ಎರಡು ಕಾರ್ಡು ಕೊಡುತ್ತಾರೆ. ಅಣ್ಣ, ಅತ್ತಿಗೆ, ಮೂರು ಮಕ್ಕಳು ಒಂದರಲ್ಲಿ. ನೀನು, ಸೋದರತ್ತೆ, ತಮ್ಮನ ಹೆಂಡತಿ, ಒಂದು ಮಗು ಇನ್ನೊಂದರಲ್ಲಿ. ಪೂರ್ತಿ ಹದಿನೆಂಟು ಕಿಲೋ ಸಿಗುತ್ತದೆ. ಹಿತ್ತಲಲ್ಲಿ ಒಂದು ಒಲೆ ಹೂಡಿ ದಿನಾ ಅದರಲ್ಲಿ ನೀರು ಕಾಯಿಸಿದರೂ ಸಾಕು. ಬರೀ ಕಾಗದದ ಮಾತು.

ತಮ್ಮನ ಹೆಂಡತಿಯನ್ನು ನೋಡಿಕೋ.

ನಿನ್ನ ಮಗಳು


ಫೆಬ್ರವರಿ 26

ಮಗಳೇ,

ನಿನ್ನ ಕಾಗದ ಓದಿ ಎರಡು ದಿನ ಸುಮ್ಮನಿದ್ದೆ. ಕೋಪದಲ್ಲಿ ಬರೆಯಬಾರದು ಎಂದು ನಮ್ಮ ಹೈಸ್ಕೂಲಿನ ಮೇಷ್ಟ್ರು ಹೇಳುತ್ತಿದ್ದರು. ಎರಡು ದಿನದಲ್ಲಿ ಕೋಪ ಇಳಿಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮನೆ ಒಡೆಯಿತು ಎಂದು ಸರ್ಕಾರಿ ಕಾಗದದ ಮೇಲೆ ನನ್ನ ಕೈಯಿಂದಲೇ ಬರೆಸುತ್ತೀಯಾ? ನಿಮ್ಮ ಅಪ್ಪ ಹೋದ ಮೇಲೆ ಹತ್ತೊಂಬತ್ತು ವರ್ಷ ಈ ಒಲೆಯನ್ನು ಒಂದಾಗಿ ಇಟ್ಟಿದ್ದೇನೆ. ಸೊಸೆಯರು ಜಗಳವಾಡಿದ್ದಾರೆ, ಮಾತು ಬಿಟ್ಟಿದ್ದಾರೆ, ಒಂದು ಸಲ ಲಟ್ಟಣಿಗೆಯೂ ಹಾರಿದೆ. ಆದರೆ ಒಲೆ ಎರಡಾಗಿಲ್ಲ. ಬೂದಿರಾಯನ ಮುಂದೆ ಸುಳ್ಳು ಒಲೆ ಹೂಡಿ ನಿಲ್ಲುವುದು ನನ್ನಿಂದ ಆಗುವ ಕೆಲಸವಲ್ಲ.

ಇನ್ನು ನೀನು ಅಷ್ಟೊಂದು ಗಾಬರಿಯಾಗಬೇಕಾಗಿಯೂ ಇಲ್ಲ. ಹದಿನಾಲ್ಕು ಕಿಲೋದಲ್ಲಿ ನಡೆಯುತ್ತಿದೆ. ನಿಮ್ಮ ಅಪ್ಪ ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದ ವರ್ಷ ಹನ್ನೊಂದು ಜನರ ಮನೆಯನ್ನು ಏಳು ಜನರ ಧಾನ್ಯದಲ್ಲಿ ನಡೆಸಿದವಳು ನಾನು. ಒಬ್ಬರೂ ಕೈಚಾಚಲಿಲ್ಲ, ಒಬ್ಬರೂ ಹಾಸಿಗೆ ಹಿಡಿಯಲಿಲ್ಲ. ದೊಡ್ಡ ಪಾತ್ರೆಯಲ್ಲಿ ಅಡಿಗೆ ಒದಗುತ್ತದೆ, ಅದಕ್ಕೆ ಕೈಗುಣ ಬೇಕು. ನನ್ನ ಸೊಸೆಯರಿಗೂ ಅದನ್ನು ಕಲಿಸಿದ್ದೇನೆ.

ನಿಯಮ ತಪ್ಪು ಎಂದು ಬರೆದದ್ದು ನ್ಯಾಯಕ್ಕಾಗಿ, ಹಸಿವಿಗಾಗಿ ಅಲ್ಲ. ಅದನ್ನು ತಿಳಿದುಕೋ.

ಅಮ್ಮ


ಮಾರ್ಚ್ 9

ಅಮ್ಮ,

ನಿನ್ನ ಕಾಗದ ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹದಿನಾಲ್ಕರಲ್ಲಿ ನಡೆಯುತ್ತಿದೆ ಎಂದೆಯಲ್ಲ, ಆ ಒಂದು ಸಾಲನ್ನು ನಾಲ್ಕು ಸಲ ಓದಿದೆ. ಈಗ ನಿಜ ಹೇಳುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹೋದ ಕಾಗದದಲ್ಲಿ ನಾನು ಮಾಡಿದ್ದು ಅದೇ.

ಆ ನಿಯಮ ಬಂದದ್ದು ನನ್ನ ಬಾಯಿಂದ.

ನವೆಂಬರಿನಲ್ಲಿ ಸಮಿತಿ ಕೂತಿತ್ತು. ಎಲ್ಲರಿಗೂ ಒಂದೇ ಸಮ ಕಡಿಮೆ ಮಾಡಿದರೆ ಒಂಟಿ ಜನ ಬದುಕುವುದಿಲ್ಲ ಎಂದು ಒಬ್ಬರು, ಮಾಡದಿದ್ದರೆ ಮೇ ತಿಂಗಳಿಗೆ ಗೋದಾಮು ಖಾಲಿ ಎಂದು ಇನ್ನೊಬ್ಬರು. ನಾನು ಟಿಪ್ಪಣಿ ಬರೆದುಕೊಳ್ಳಲು ಕೂತಿದ್ದವಳು. ಅಧ್ಯಕ್ಷರು ತಿರುಗಿ, "ನೀವು ತುಂಬಿದ ಮನೆಯಿಂದ ಬಂದವರಲ್ವೇನಮ್ಮ? ದೊಡ್ಡ ಮನೇಲಿ ಹೇಗೆ ನಡಿಯತ್ತೆ?" ಎಂದು ಕೇಳಿದರು. ನಾನು ನಮ್ಮ ಅಡಿಗೆಮನೆಯ ಬಗ್ಗೆ ಹೇಳಿದೆ. ಗಿರಣಿ ಮುಚ್ಚಿದ ವರ್ಷದ ಬಗ್ಗೆ ಹೇಳಿದೆ. ಹನ್ನೊಂದು ಜನ, ಏಳು ಜನರ ಧಾನ್ಯ, ಹದಿನಾಲ್ಕು ತಿಂಗಳು. ನನಗಾಗ ಒಂಬತ್ತು ವರ್ಷ, ಹಸಿದ ನೆನಪು ಒಂದು ದಿನದ್ದೂ ಇಲ್ಲ. ಕೋಣೆಯಲ್ಲಿ ಎಲ್ಲರೂ ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಅಧ್ಯಕ್ಷರು ಕೂಡಿ ಕಳೆದು, "ಅರ್ಧ ಪಾಲಿನ ಹಾಗೆ ಹನ್ನೊಂದು ಜನಕ್ಕೆ ಎಂಟು ಪಾಲು ಬರತ್ತೆ. ನಿಮ್ಮ ತಾಯಿಗಿಂತ ನಾವೇ ಒಂದು ಕೈ ಧಾರಾಳಿಗಳು" ಎಂದು ನಕ್ಕರು. ಕಡತದಲ್ಲಿ ಅದು "ಒಂದು ಅನುಭವಸ್ಥ ಗೃಹದ ನಿದರ್ಶನ" ಎಂದು ದಾಖಲಾಗಿದೆ.

ನೀನು ನಿಯಮ ಮಾಡಿದವನನ್ನು ಬೈದಾಗ ಹೇಳಲು ಧೈರ್ಯ ಬರಲಿಲ್ಲ. ಈಗ ನೀನೇ ನಡೆಯುತ್ತಿದೆ ಎನ್ನುತ್ತಿದ್ದೀಯ. ನಿನ್ನ ಕೈಗುಣ ಇಡೀ ದೇಶವನ್ನು ಸುಗ್ಗಿಯವರೆಗೆ ದಾಟಿಸಲಿದೆ. ನಿನಗೆ ಹೆಮ್ಮೆಯಾಗಬೇಕು. ನನಗಂತೂ ಆಗಿದೆ.

ನಿನ್ನ ಮಗಳು


ಏಪ್ರಿಲ್ 2

ಅಮ್ಮ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕೋಪವೇ? ಸಭೆಯಲ್ಲಿ ಮನೆಯ ಮಾತು ಆಡಿದ್ದು ತಪ್ಪಾಯಿತೇ? ಬೈದಾದರೂ ಬರೆ. ತಮ್ಮನ ಸುದ್ದಿಯೇನೂ ಇಲ್ಲ ತಾನೇ? ಗಡಿಯಲ್ಲಿ ಮಡಿದವರ ಪಟ್ಟಿ ಬಂದ ದಿನವೆಲ್ಲ ನಾನು ಮೊದಲು ಅದನ್ನೇ ನೋಡುತ್ತೇನೆ.

ನಿನ್ನ ಮಗಳು


ಏಪ್ರಿಲ್ 11

ಮಗಳೇ,

ನಿನ್ನ ತಮ್ಮ ಚೆನ್ನಾಗಿದ್ದಾನೆ. ಮೊನ್ನೆಯೂ ಕಾರ್ಡು ಬಂತು. ಕೋಪವೂ ಅಲ್ಲ. ನಿನ್ನ ಮಾರ್ಚಿ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ನಾಲ್ಕನ್ನೂ ಒಲೆಗೆ ಹಾಕಿದೆ. ಇದು ಐದನೆಯದು.

ಮಾರ್ಚ್ 21ರಂದು ಕಿರಿಸೊಸೆ ರೇಷನ್ ಅಂಗಡಿಯ ಸಾಲಿನಲ್ಲಿ ಕುಸಿದು ಬಿದ್ದಳು. ಎದುರುಮನೆ ಹೊಲಿಗೆಯವಳು ತನ್ನ ಬಟ್ಟೆಗಂಟಿನ ಕೈಗಾಡಿಯಲ್ಲೇ ಕೂರಿಸಿಕೊಂಡು ಬಂದಳು. ಆರೋಗ್ಯ ಕೇಂದ್ರದ ನರ್ಸು ತೂಕ ನೋಡಿದಳು. ಎರಡು ತಿಂಗಳಲ್ಲಿ ಏರಬೇಕಾದದ್ದು ಒಂದೂವರೆ ಕಿಲೋ ಇಳಿದಿತ್ತು.

"ಮನೇಲಿ ಬಡಿಸೋರು ಯಾರು?" ಎಂದಳು.

"ನಾನೇ" ಎಂದೆ.

"ಹಾಗಾದ್ರೆ ನಿಮಗೆ ಗೊತ್ತಿರಬೇಕಲ್ಲ" ಎಂದಳು. ನನಗಿಂತ ನಲವತ್ತು ವರ್ಷ ಚಿಕ್ಕವಳು.

ನಿನಗೆ ಗೊತ್ತಿರುವಂತೆ ನಮ್ಮಲ್ಲಿ ಮೊದಲು ಮಕ್ಕಳು ಮತ್ತು ನಿನ್ನ ಅಣ್ಣ, ಆಮೇಲೆ ನಾನು ಮತ್ತು ನಿನ್ನ ಸೋದರತ್ತೆ. ನಾನು ತೊಳೆದ ಕೈ ಒರೆಸಿಕೊಂಡು ಹೊರಕೋಣೆಗೆ ಬಂದ ಮೇಲೆ ಸೊಸೆಯರು ಕೂರುತ್ತಾರೆ. ಮರುದಿನ ನಾನು ಹೊರಕೋಣೆಗೆ ಬರಲಿಲ್ಲ, ಅಡಿಗೆಮನೆಯ ಬಾಗಿಲಾಚೆ ನಿಂತೆ. ಒಳಗಿಂದ ಪಾತ್ರೆಯ ತಳಕ್ಕೆ ಸೌಟು ತಿಕ್ಕುವ ಸದ್ದು ಬರುತ್ತಿತ್ತು. ಎರಡು ಸಲ ತಿಕ್ಕಿ, ಸ್ವಲ್ಪ ತಡೆದು, ಮತ್ತೆ ಎರಡು ಸಲ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಬಾಗಿಲು ತಳ್ಳಿದೆ.

"ಏನೇ ಅದು, ಖಾಲಿ ಪಾತ್ರೆಗೆ ಸೌಟು ತಿಕ್ತಿದ್ದೀಯ?"

ಕಿರಿಸೊಸೆ ಎದ್ದು ನಿಂತಳು. "ಏನಿಲ್ಲ ಅತ್ತೆ. ಊಟ ಆಯ್ತು."

"ತಟ್ಟೆ ಒಣಗಿದೆ."

"ತೊಳೆದಿಟ್ಟೆ."

"ನೀರಿನ ಹನಿ ಇಲ್ಲದ ಹಾಗೆ ತೊಳೆಯೋದು ಯಾವ ಊರಲ್ಲಿ ಕಲಿತೆ?"

ಅವಳು ತಲೆ ತಗ್ಗಿಸಿದಳು. "ಮಕ್ಕಳಿಗೆ ಕೇಳಿಸ್ಲಿ ಅಂತ ಅತ್ತೆ. ನಾವೂ ಉಣ್ತಿದ್ದೀವಿ ಅಂದ್ಕೊಂಡ್ರೆ ಅವು ನಾಳೆನೂ ಇನ್ನೊಂದು ತುತ್ತು ಹಾಕಿಸ್ಕೊಳ್ತವೆ. ಹಾಸಿಗೇಲಿರೋ ಚಿಕ್ಕತ್ತೆ ಹೇಳ್ಕೊಟ್ರು. ನೀವೂ ಹೀಗೇ ಮಾಡ್ತಿದ್ರಂತೆ."

ನಾನು ಹಿರಿಸೊಸೆಯ ಕಡೆ ತಿರುಗಿದೆ. "ನೀನು ದೊಡ್ಡವಳು. ಬಸುರಿ ಉಪವಾಸ ಇದ್ದಾಳೆ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?"

ಅವಳು ಬಾಯಿ ಜೋರಿನವಳು, ಆ ದಿನ ಮಾತ್ರ ಮೆಲ್ಲಗೆ ಮಾತಾಡಿದಳು. "ಹೇಗೆ ಹೇಳೋದು ಅತ್ತೆ? ಈ ಮನೆ ಹೆಂಗಸರ ಕೈಗುಣಕ್ಕೆ ಧಾನ್ಯ ತಾನಾಗೇ ಒದಗತ್ತೆ ಅಂತ ಬಂದವರಿಗೆಲ್ಲ ನೀವೇ ಹೇಳ್ತಿದ್ರಿ. ಸಾಲ್ತಿಲ್ಲ ಅಂದ್ರೆ ನಮ್ಮ ಕೈಗುಣ ಸರಿಯಿಲ್ಲ ಅಂತ ಆಗತ್ತಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ.

ಮಗಳೇ, ನೀನು ಸಮಿತಿಗೆ ಹೇಳಿದ್ದು ನೀನು ಕಂಡದ್ದು. ಕಾಣದ್ದನ್ನು ನಾನು ಹೇಳುತ್ತೇನೆ. ಗಿರಣಿ ಮುಚ್ಚಿದ ವರ್ಷ ಮನೆಯಲ್ಲಿ ಹನ್ನೊಂದು ಜನ, ಉಂಡವರು ಏಳು ಜನ. ಲೆಕ್ಕ ಅಷ್ಟು ನೇರ. ಉಳಿದ ನಾಲ್ವರು ನಾವು ಹೆಂಗಸರು: ನಾನು, ನನ್ನ ಅತ್ತೆ, ನಿನ್ನ ಸೋದರತ್ತೆ, ಆಗ ನಮ್ಮಲ್ಲೇ ಇದ್ದ ನಿನ್ನ ದೊಡ್ಡಮ್ಮ. ಪಾತ್ರೆ ತೊಳೆದ ಗಂಜಿನೀರಿಗೆ ಉಪ್ಪು ಹಾಕಿ ಕುಡಿಯುತ್ತಿದ್ದೆವು. ಸರದಿಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ದಿನ ಅರ್ಧ ಊಟ. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಸೌಟು ಆಡಿಸುತ್ತಿದ್ದೆವು. ನೀನು ಆಚೆಯಿಂದ ಬಾಗಿಲು ಬಡಿದು, "ಅಮ್ಮ ಒಳ್ಳೊಳ್ಳೆಯದನ್ನ ಒಬ್ಬಳೇ ತಿಂತಾಳೆ" ಎಂದು ಅಳುತ್ತಿದ್ದೆ. ನಮಗೆ ಒಳಗೆ ನಗು ತಡೆಯಲು ಆಗುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ನಾವು ಆ ಹೂವಿನ ವ್ಯಾಪಾರವನ್ನೇ ಇಟ್ಟಿದ್ದೆವು.

ಒಬ್ಬರೂ ಹಾಸಿಗೆ ಹಿಡಿಯಲಿಲ್ಲ ಎಂದು ಬರೆದಿದ್ದೆ. ಅದೂ ಸುಳ್ಳು. ಆ ವರ್ಷ ನನ್ನ ಐದು ತಿಂಗಳ ಬಸಿರು ಇಳಿದುಹೋಯಿತು. ಮೆಟ್ಟಿಲಿಂದ ಜಾರಿದೆ ಎಂದು ನಿಮ್ಮ ಅಪ್ಪನಿಗೆ ಹೇಳಿದೆ. ನಮ್ಮ ಮನೆಗೆ ಇರುವುದೇ ಎರಡು ಮೆಟ್ಟಿಲು. ಅವರು ನಂಬಿದರು, ಅಥವಾ ನಂಬಿದ ಹಾಗೆ ಇದ್ದರು.

ಕಷ್ಟ ಕಳೆದ ಮೇಲೆ ಜನ ಹೊಗಳಿದರು. ಹೊಗಳಿಕೆ ರುಚಿಯಾಗಿತ್ತು. ಉಪವಾಸವಿದ್ದೆವು ಎನ್ನುವುದಕ್ಕಿಂತ ಕೈಗುಣ ಎನ್ನುವುದು ಕಿವಿಗೆ ಚೆನ್ನಾಗಿತ್ತು. ಹೇಳಿ ಹೇಳಿ ನಾನೇ ನಂಬಿದೆ. ನಿನ್ನ ಸರ್ಕಾರ ಈಗ ಅದನ್ನೇ ನಂಬಿದೆ.

ಈಗ ಕಿರಿಸೊಸೆ ನನ್ನ ಜೊತೆ ನನ್ನ ಕಣ್ಣೆದುರು ಉಣ್ಣುತ್ತಾಳೆ. ನನ್ನ ಪಾಲಿನಿಂದ ತೆಗೆದು ಹಾಕುತ್ತೇನೆ. ಆದರೆ ಇದು ಹಳೆಯ ಆಟವೇ, ಆಡುವವರು ಬೇರೆ, ಅಷ್ಟೇ. ಹದಿನಾಲ್ಕು ಕಿಲೋ ಹದಿನಾಲ್ಕೇ. ನಮ್ಮಂಥ ಮನೆಗಳು ಎಷ್ಟಿವೆ ಎಂದು ನಿನ್ನ ಕಚೇರಿಯಲ್ಲಿ ಪಟ್ಟಿ ಇರಬೇಕಲ್ಲ. ಒಂದೊಂದರಲ್ಲೂ ಒಂದು ಬಾಗಿಲು ಮುಚ್ಚಿರುತ್ತದೆ.

ಅಮ್ಮ


ಏಪ್ರಿಲ್ 19

ಅಮ್ಮ,

ಏನು ಬರೆಯಲಿ? ಬಾಗಿಲು ಬಡಿದದ್ದು ನೆನಪಿದೆ.

ಐದಕ್ಕಿಂತ ಹೆಚ್ಚು ಜನರಿರುವ ಕಾರ್ಡುಗಳು ಮೂರು ಲಕ್ಷದ ನಲವತ್ತು ಸಾವಿರ. ಪಟ್ಟಿ ನನ್ನ ಮೇಜಿನ ಮೇಲೇ ಇದೆ.

ಮೇ 3ರಂದು ಸಮಿತಿ ಈ ನಿಯಮವನ್ನು ಮರುಪರಿಶೀಲಿಸುತ್ತದೆ. ದೂರುಗಳು ಬಂದಿವೆ, ಆದರೆ ದೂರಿಗೆ ಅವರು ಬಗ್ಗುವುದಿಲ್ಲ. ಕಡತದಲ್ಲಿ ನಿದರ್ಶನವಿದೆ, ಅದು ಇರುವವರೆಗೆ ನಿಯಮ ಅಲುಗುವುದಿಲ್ಲ. ಅದನ್ನು ತೆಗೆಯಬೇಕಾದರೆ ಆ ಮನೆಯವರೇ ಬರೆದುಕೊಡಬೇಕು. ನಾನು ಎದ್ದು, ಹೇಳಿದ್ದು ತಪ್ಪೆಂದು ಒಪ್ಪಬೇಕು. ಆಮೇಲೆ ನನ್ನನ್ನು ಈ ವಿಭಾಗದಲ್ಲಿ ಇಟ್ಟುಕೊಳ್ಳುವುದು ಅನುಮಾನ. ನಿಜ ಹೇಳುತ್ತೇನೆ, ಎರಡು ದಿನ ನಾನು ನಿನ್ನ ಕಾಗದವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿದ್ದೆ. ಮೂರನೆಯ ದಿನ ತೆಗೆದೆ.

ನೀನು ಒಂದು ಹೇಳಿಕೆ ಬರೆದು ಕಳಿಸು. ಹೆಸರು ಬೇಡ, "ಒಬ್ಬ ಗೃಹಿಣಿ" ಎಂದು ಹಾಕಿದರೆ ಸಾಕು. ಆದೇಶ ಬದಲಾದರೆ ಕಾರಣವನ್ನೂ ಅಚ್ಚು ಹಾಕಿಸಿ ಊರೂರಿನ ರೇಷನ್ ಅಂಗಡಿಯಲ್ಲಿ ಅಂಟಿಸುತ್ತಾರೆ. ನಿನ್ನ ಬೀದಿಯಲ್ಲೂ. ಅಣ್ಣನೂ ಓದುತ್ತಾನೆ. ಅದಕ್ಕೇ ಹೇಳಿದೆ.

ನಿನ್ನ ಮಗಳು


ಏಪ್ರಿಲ್ 25

ಮಗಳೇ,

ಹೇಳಿಕೆ ಇದರ ಜೊತೆಗಿದೆ. ಒಬ್ಬ ಗೃಹಿಣಿ ಎಂದರೆ ಯಾರು? ಆಕೆಗೆ ಮನೆಯಿಲ್ಲವೇ, ಬೀದಿಯಿಲ್ಲವೇ? ಸುಳ್ಳನ್ನು ಹೆಸರಿಟ್ಟು ಹೇಳಿ ನಿಜವನ್ನು ಮುಸುಕು ಹಾಕಿಕೊಂಡು ಹೇಳಲಾರೆ. ಕೆಳಗೆ ನನ್ನ ಹೆಸರು, ಮನೆ ನಂಬರು, ಬೀದಿ, ಊರು ನಾಲ್ಕೂ ಇವೆ. ನಾಲ್ಕನ್ನೂ ಅಚ್ಚು ಹಾಕಿಸು.

ನಿನ್ನ ಕೆಲಸ ಹೋದರೆ ಮನೆಗೆ ಬಾ. ಹತ್ತನೆಯವಳಿಗೆ ಅರ್ಧ ಪಾಲಾದರೂ ಕೊಡುತ್ತಾರೆ.

ಅಮ್ಮ

(ಹೇಳಿಕೆ)

ಪಾಲು ನಿಗದಿ ಸಮಿತಿಯ ಅಧ್ಯಕ್ಷರಿಗೆ,

ನಿಮ್ಮ ಕಡತದಲ್ಲಿರುವ ಅನುಭವಸ್ಥ ಗೃಹ ನನ್ನದು. ಗಿರಣಿ ಮುಚ್ಚಿದ ವರ್ಷ ನಮ್ಮ ಮನೆಯಲ್ಲಿ ಹನ್ನೊಂದು ಜನ ಏಳು ಜನರ ಧಾನ್ಯದಲ್ಲಿ ಬದುಕಿದ್ದು ನಿಜ. ಅದು ದೊಡ್ಡ ಪಾತ್ರೆಯ ಮಹಿಮೆಯಿಂದಲ್ಲ. ನಾಲ್ವರು ಹೆಂಗಸರು ಹದಿನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿದ್ದುದರಿಂದ. ಅದನ್ನು ಮಕ್ಕಳಿಂದಲೂ ಗಂಡಸರಿಂದಲೂ ಮುಚ್ಚಿಟ್ಟೆವು. ಆ ವರ್ಷ ನಾನು ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡೆ. ನನ್ನ ಮಗಳು ಸಭೆಯಲ್ಲಿ ಹೇಳಿದ್ದು ಅವಳು ಕಂಡದ್ದನ್ನು, ಅವಳ ತಪ್ಪಿಲ್ಲ. ಕಾಣದಂತೆ ಮಾಡಿದವಳು ನಾನು.

ದೊಡ್ಡ ಪಾತ್ರೆಯಲ್ಲಿ ಸೌದೆ ಉಳಿಯುತ್ತದೆ, ಧಾನ್ಯ ಉಳಿಯುವುದಿಲ್ಲ. ಆರನೆಯವರ ಹೊಟ್ಟೆ ಮೊದಲ ಐವರ ಹೊಟ್ಟೆಯಷ್ಟೇ ದೊಡ್ಡದು. ಅರ್ಧ ಪಾಲು ಬಂದ ಮನೆಯಲ್ಲಿ ಯಾರ ಪಾಲು ಅರ್ಧವಾಗುತ್ತದೆ ಎಂದು ನಿಮ್ಮ ಗುಮಾಸ್ತರಿಗೆ ಕೇಳಲು ಹೇಳಿ. ಬೂದಿಯಲ್ಲಿ ಕೈಯಿಟ್ಟರೆ ಅದು ತಿಳಿಯುವುದಿಲ್ಲ.

ಹೈಸ್ಕೂಲಿನವರೆಗೆ ಓದಿದ್ದೇನೆ. ಇದು ಯಾರೂ ಬರೆದುಕೊಟ್ಟದ್ದಲ್ಲ.

(ಸಹಿ, ಹೆಸರು, ಮನೆ ನಂಬರು, ಬೀದಿ, ಊರು)


ಮೇ 6

ಅಮ್ಮ,

ಆಯಿತು. ಅಧ್ಯಕ್ಷರು ನಿನ್ನ ಹೇಳಿಕೆಯನ್ನು ತಾವೇ ಗಟ್ಟಿಯಾಗಿ ಓದಿದರು. ಅರ್ಧ ಓದಿ ಕನ್ನಡಕ ಒರೆಸಿಕೊಂಡರು, ಉಳಿದರ್ಧವನ್ನು ನನ್ನ ಕೈಯಲ್ಲಿ ಓದಿಸಿದರು. ಮುಗಿದ ಮೇಲೆ ಒಬ್ಬ ಹಿರಿಯ ಅಧಿಕಾರಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರು ಒಂಬತ್ತು ಮಕ್ಕಳ ಮನೆಯವರಂತೆ.

ಇನ್ನು ಆರನೆಯವರು, ಏಳನೆಯವರು ಎಂಬುದಿಲ್ಲ. ಎಲ್ಲರಿಗೂ ಸಮ. ಆದರೆ ಗೋದಾಮು ಬೆಳೆದಿಲ್ಲ, ಹಾಗಾಗಿ ತಲೆಗೆ ಎರಡು ಕಿಲೋ ಇದ್ದದ್ದು ಒಂದು ಕಿಲೋ ಎಂಟುನೂರು ಗ್ರಾಂ ಆಗುತ್ತದೆ. ಬಸುರಿಯರಿಗೆ, ಬಾಣಂತಿಯರಿಗೆ ಅರ್ಧ ಕಿಲೋ ಹೆಚ್ಚು, ಅವರ ಹೆಸರಿನದೇ ಚೀಟಿಯ ಮೇಲೆ. ಚಿಕ್ಕ ಸಂಸಾರದವರು ಬೈಯುತ್ತಾರೆ, ಸಿದ್ಧವಾಗಿರು.

ನನ್ನನ್ನು ಉಗ್ರಾಣದ ವಿಭಾಗಕ್ಕೆ ಹಾಕಿದ್ದಾರೆ. ಚೀಲ ಎಣಿಸುವ ಕೆಲಸ. ಕೆಳಗಿನ ಹುದ್ದೆ, ಆದರೆ ಎಣಿಸುವುದು ಕಣ್ಣಿಗೆ ಕಾಣುತ್ತದೆ.

ನಿನ್ನ ಮಗಳು


ಮೇ 20

ಮಗಳೇ,

ಬೈದರು. ಹೊಲಿಗೆಯವಳು ಬಾಗಿಲಿಗೇ ಬಂದು, "ನಿಮ್ಮ ಸತ್ಯಕ್ಕೆ ನಮ್ಮದು ತಲೆಗೆ ಇನ್ನೂರು ಗ್ರಾಂ ಹೋಯ್ತಲ್ಲಮ್ಮ" ಎಂದಳು. "ಹೌದು ಹೋಯ್ತು" ಎಂದೆ. ಹೊರಟವಳು ತಿರುಗಿ, "ಹುಡುಗಿ ಹೇಗಿದ್ದಾಳೆ?" ಎಂದು ಕೇಳಿ ಹೋದಳು. ನಿನ್ನ ಸೋದರತ್ತೆ ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮನೆಯ ಮಾನ ಅಂಗಡಿಯ ಗೋಡೆಗೆ ಹೋಯಿತಂತೆ. ಮೂರನೆಯ ದಿನ, ತನ್ನ ಹೆಸರನ್ನು ಯಾಕೆ ಹಾಕಿಸಲಿಲ್ಲ ಎಂದು ಜಗಳ ತೆಗೆದಳು.

ಕಿರಿಸೊಸೆಗೆ ಅವಳ ಹೆಸರಿನ ಚೀಟಿ ಬಂದಿದೆ. ಅದನ್ನು ಅವಳೇ ಇಟ್ಟುಕೊಂಡಿದ್ದಾಳೆ, ನಾನು ಕೇಳಿಲ್ಲ. ಮೊನ್ನೆ ನರ್ಸು ತೂಕ ನೋಡಿದಳು. ಎರಡು ಕಿಲೋ ಏರಿದೆ, ಮಗುವಿನ ಎದೆಬಡಿತವೂ ಚೆನ್ನಾಗಿದೆ ಎಂದಳು.

ಇವತ್ತು ಹೊಸ ಪಾಲಿನ ಮೊದಲ ದಿನ. ಡಿಪೋಗೆ ರಜೆಯಿತ್ತು, ಚೀಲ ಕೊಟ್ಟು ನಿನ್ನ ಅಣ್ಣನನ್ನೇ ಕಳಿಸಿದೆ. ಆದೇಶ ಅಂಟಿಸಿ ನಾಲ್ಕು ದಿನವಾಗಿತ್ತು, ಎರಡು ಪಾಳಿ ಮುಗಿಸಿ ಮಲಗಲಷ್ಟೇ ಮನೆಗೆ ಬರುವ ಅವನು ಆ ಕಡೆ ಹೋಗಿರಲಿಲ್ಲ. ನಾನೂ ಹೇಳಿರಲಿಲ್ಲ. ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ. ಅರ್ಧ ಗಂಟೆಯಲ್ಲಿ ಬರಿಗೈಲಿ ಬಂದ. ಚೀಲ ಮಡಿಸಿದ ಹಾಗೇ ಕಂಕುಳಲ್ಲಿತ್ತು. ನಾನು ಬೇಳೆ ಆರಿಸುತ್ತಿದ್ದೆ. ಎದುರಿಗೆ ಕುಕ್ಕರುಗಾಲಲ್ಲಿ ಕೂತ. ನಲವತ್ತನಾಲ್ಕು ವರ್ಷದವನು, ತಲೆ ಅರ್ಧ ನೆರೆತಿದೆ.

"ಅಮ್ಮ, ಆ ವರ್ಷ ನಾನು ದಿನಾ ಎರಡನೇ ಸಲ ಹಾಕಿಸ್ಕೊಳ್ತಿದ್ದೆ."

"ಹೌದು."

"ನೀನೇ ಹಾಕ್ತಿದ್ದೆ. ಇನ್ನೂ ಇದೆ ಕಣೋ, ತಿನ್ನು ಅಂತಿದ್ದೆ."

"ಅಂತಿದ್ದೆ."

"ಅದು ಯಾರ ಪಾಲು?"

ನಾನು ಮೊರ ಕೆಳಗಿಟ್ಟೆ. "ನಂದು. ಕೆಲವು ದಿನ ನಿಮ್ಮತ್ತೇದು."

ಅವನು ಚೀಲವನ್ನು ಬಿಚ್ಚಿ ಮತ್ತೆ ಮಡಿಸಿದ. ನಾನು ಅವನ ತಲೆ ಸವರಬಹುದಿತ್ತು. ಅದು ನನಗೆ ಅಭ್ಯಾಸವಿಲ್ಲ, ನಿನಗೂ ಗೊತ್ತು.

"ನಿನಗೆ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ" ಎಂದೆ. "ಮುಚ್ಚಿಟ್ಟಿದ್ದಕ್ಕೆ ಇದೆ. ಸರದಿ ಬಿಟ್ಟು ಬಂದಿದ್ದೀಯಲ್ಲ, ಅದಕ್ಕೆ ಕೋಪವೂ ಇದೆ. ಅಂಗಡಿ ಹನ್ನೆರಡಕ್ಕೆ ಮುಚ್ಚತ್ತೆ. ಏಳು."

ಎದ್ದ. ಮುಖ ಒರೆಸಿಕೊಂಡು ಹೋದ. ಒಂದು ಗಂಟೆಯಾದ ಮೇಲೆ ಹದಿನಾರು ಕಿಲೋ ಏಳುನೂರು ಗ್ರಾಂ ಹೊತ್ತು ತಂದು ಅಡಿಗೆಮನೆಯಲ್ಲಿ ಇಳಿಸಿದ. ಹೊರಗೆ ಬರಲಿಲ್ಲ, ಅಲ್ಲೇ ಗೋಡೆಗೆ ಒರಗಿ ಕೂತ.

"ಮೊದಲು ನೀವು ಉಣ್ಣಿ" ಎಂದ. "ನಾನು ನೋಡ್ತೀನಿ."

ನೋಡುತ್ತಲೇ ಕೂತಿದ್ದ. ಇನ್ನೇನು ಹೇಳುವುದು, ನಾನೂ ಸೊಸೆಯರೂ ಅವನ ಕಣ್ಣೆದುರೇ ಉಂಡೆವು.

ಅಮ್ಮ